ಗೇರ್‌ಬಾಕ್ಸ್‌ಗೂ ಸೆಖೆಯಾಗುತ್ತದೆ

ಕೂಲರ್ ಎಂದ ಕೂಡಲೇ ದೆಹಲಿಯವರಿಗೆ ಬೇಸಿಗೆಯಲ್ಲಿ ಕಿಟಕಿಗೆ ಕೂರಿಸುವ, ಹುಲ್ಲು ನೆನೆಸಿದ ಆ ದೊಡ್ಡ ಡಬ್ಬ ನೆನಪಾಗಬಹುದು. ಇವತ್ತಿನ ಮಾತು ಅದರದ್ದಲ್ಲ. ಕಾರಿನ ಗೇರ್‌ಬಾಕ್ಸ್ ಆಯಿಲ್ ತಣಿಸಲು ಹೊರಗಿನಿಂದ ತಂದು ಕೂರಿಸುವ ಕೂಲರ್ ಬಗ್ಗೆ. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ವೇಗದ ಕಾರು ಇಟ್ಟುಕೊಂಡ ನಮ್ಮ ಹುಡುಗರು ಈಗ ಕಡಿಮೆಯೇನಿಲ್ಲ. ಇಂಜಿನ್ನಿನ ಕಂಪ್ಯೂಟರ್ ತಿದ್ದಿಸಿ ಶಕ್ತಿ ಹೆಚ್ಚಿಸಿಕೊಂಡವರೂ ಇದ್ದಾರೆ. ಅಂಥವರಿಗೆ ಯಾರಾದರೊಬ್ಬರು "ಒಂದು ಕೂಲರ್ ಹಾಕಿಸಿಬಿಡು" ಎಂದು ಹೇಳಿಯೇ ಹೇಳುತ್ತಾರೆ. ಹಾಕಿಸಬೇಕೇ? ಕೆಲವರು ಖಂಡಿತ ಹಾಕಿಸಬೇಕು. ಬಹಳ ಮಂದಿಗೆ ಬೇಡವೇ ಬೇಡ.

2017ರಲ್ಲಿ ನಮ್ಮ ದೇಶಕ್ಕೆ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರನ್ನೇ ತೆಗೆದುಕೊಳ್ಳಿ. 2 ಲೀಟರಿನ ಟರ್ಬೊ ಪೆಟ್ರೋಲ್ ಇಂಜಿನ್, 230 ಅಶ್ವಶಕ್ತಿ, 350 ನ್ಯೂಟನ್ ಮೀಟರ್ ಟಾರ್ಕ್, 6 ಗೇರಿನ ಡಿಎಸ್‌ಜಿ. ಈ ಗೇರ್‌ಬಾಕ್ಸ್‌ನಲ್ಲಿ ಕ್ಲಚ್ ಎರಡು. ಒಂದು 1, 3, 5ನೇ ಗೇರುಗಳಿಗೆ, ಇನ್ನೊಂದು 2, 4, 6ಕ್ಕೆ. ಎರಡೂ ಆಯಿಲ್‌ನಲ್ಲೇ ತೋಯ್ದುಕೊಂಡು ಕೆಲಸ ಮಾಡುತ್ತವೆ. ಅದೇ ಆಯಿಲ್ ಗೇರಿನ ಹಲ್ಲುಗಳು ಸವೆಯದಂತೆ ನೋಡಿಕೊಳ್ಳಬೇಕು, ಕ್ಲಚ್ಚನ್ನು ಒತ್ತಿ ಹಿಡಿಯುವ ಒತ್ತಡ ಕೊಡಬೇಕು, ಕ್ಲಚ್ಚಿನ ಬಿಸಿಯನ್ನೂ ಹೊತ್ತೊಯ್ಯಬೇಕು. ಮನೆಯ ಕೆಲಸವೆಲ್ಲ ಒಬ್ಬ ಸೊಸೆಯ ತಲೆಗೇ ಕಟ್ಟಿದ ಹಾಗೆ. ಬಿಸಿ ಮಿತಿಮೀರಿದರೆ ಆಯಿಲ್ ಸತ್ವ ಕಳೆದುಕೊಳ್ಳುತ್ತದೆ, ಕ್ಲಚ್ ಜಾರುತ್ತದೆ, ಜಾರಿದಷ್ಟೂ ಮತ್ತೆ ಬಿಸಿ. ಈ ಸುತ್ತು ಮುಗಿಯುವುದು ಲಕ್ಷಗಳ ಬಿಲ್ಲಿನಲ್ಲಿ.

ಕಂಪನಿಯವರು ತಣಿಸುವ ವ್ಯವಸ್ಥೆ ಕೊಟ್ಟೇ ಇರುತ್ತಾರೆ. ಗೇರ್‌ಬಾಕ್ಸ್ ಮೇಲೆ ಕೂತ ಪುಟ್ಟ ಪೆಟ್ಟಿಗೆಯಲ್ಲಿ ಇಂಜಿನ್ ಕೂಲೆಂಟ್ ಹರಿದು ಆಯಿಲ್‌ನ ಬಿಸಿಯನ್ನು ಎಳೆದುಕೊಳ್ಳುತ್ತದೆ. ಆದರೆ ಆ ಕೂಲೆಂಟೇ 90 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಅದಕ್ಕಿಂತ ಕೆಳಗೆ ಆಯಿಲ್ ಇಳಿಯುವುದು ಹೇಗೆ? ಆದ್ದರಿಂದ ಸ್ಕ್ಯಾನರ್‌ನಲ್ಲಿ 90, 95 ಕಂಡರೆ ಗಾಬರಿ ಬೇಡ. ರೇಸ್ ಟ್ರ್ಯಾಕ್‌ನಲ್ಲಿ, ಎಂದರೆ ಗ್ರೇಟರ್ ನೊಯ್ಡಾದ ಬುದ್ಧ್ ಸರ್ಕ್ಯೂಟ್‌ನಲ್ಲೋ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈನಲ್ಲೋ, ಸುತ್ತಿನ ಮೇಲೆ ಸುತ್ತು ಓಡಿಸುವಾಗ 120 ದಾಟಿ ಏರುತ್ತಲೇ ಇದ್ದರೆ ಅದು ಬೇರೆ ಮಾತು. ಅಲ್ಲಿ ಕೂಲರ್ ಬೇಕು. ಕೊಳ್ಳುವ ಮೊದಲು ಒಂದು ವಾರ ಸ್ಕ್ಯಾನರ್ ಜೋಡಿಸಿಕೊಂಡು ಓಡಿಸಿ, ಅಂಕಿ ಬರೆದಿಡಿ. ಅಂಕಿ ನೋಡದೆ ಕೂಲರ್ ಕೊಳ್ಳುವುದು ಜ್ವರ ನೋಡದೆ ಮಾತ್ರೆ ನುಂಗಿದಂತೆ.

ಇಲ್ಲೊಂದು ಎಚ್ಚರಿಕೆ. ಡಿಎಸ್‌ಜಿ ಎಂದು ಬರೆದಿದ್ದೆಲ್ಲ ಒಂದೇ ಅಲ್ಲ. 2013ರಲ್ಲಿ ಬಂದ ಪೋಲೊ ಜಿಟಿ ಟಿಎಸ್‌ಐ ಕಾರಿನ 7 ಗೇರಿನ ಡಿಎಸ್‌ಜಿಯಲ್ಲಿ ಕ್ಲಚ್ ಒಣಗಿರುತ್ತದೆ, ಆಯಿಲ್ ಅದನ್ನು ಮುಟ್ಟುವುದೇ ಇಲ್ಲ. ಅದಕ್ಕೆ ಕೂಲರ್ ಹಾಕಿಸಿ ಕ್ಲಚ್ ತಂಪಾಯಿತು ಎಂದುಕೊಂಡರೆ ದುಡ್ಡು ದಂಡ.

ಖಂಡಾಲಾ ಘಾಟಿನ ಟ್ರಾಫಿಕ್‌ನಲ್ಲಿ ಬಿಸಿಯಾಗುತ್ತದಲ್ಲ ಎಂದು ಕೇಳಬಹುದು. ಆಗುತ್ತದೆ. ಆದರೆ ಬಂಪರ್ ಹಿಂದಿನ ಕೂಲರ್ ತಣಿಯುವುದು ಗಾಳಿಯಿಂದ. ನಿಂತ ಕಾರಿಗೆ ಗಾಳಿ ಎಲ್ಲಿಂದ ಬರಬೇಕು? ರೇಡಿಯೇಟರ್ ಫ್ಯಾನ್ ಎಳೆದಷ್ಟೇ. ಅಲ್ಲಿ ನಿಮ್ಮ ಕಾಲೇ ಮದ್ದು. ಮುಂದಿನ ಕಾರು ಗೇಣು ಸರಿದ ಕೂಡಲೇ ನೀವೂ ಗೇಣು ಸರಿಯಬೇಡಿ. ಎರಡು ಕಾರಿನಷ್ಟು ಜಾಗವಾಗಲಿ, ಆಗ ಸಲೀಸಾಗಿ ಹೋಗಿ ಬ್ರೇಕ್ ಪೂರ್ತಿ ಒತ್ತಿ ನಿಲ್ಲಿ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರನ್ನು ಹಿಡಿದು ನಿಲ್ಲಿಸುವ ಅಭ್ಯಾಸ ಬಿಡಿ. ಊರಿಗೆ ಹೋದಾಗ ಆಗುಂಬೆ, ಚಾರ್ಮಾಡಿ ಏರುವಾಗಲೂ ಇದೇ ಮಾತು. ಜೊತೆಗೆ, ಈ 6 ಗೇರಿನ ಡಿಎಸ್‌ಜಿಗೆ 60,000 ಕಿಲೋಮೀಟರಿಗೊಮ್ಮೆ ಆಯಿಲ್, ಫಿಲ್ಟರ್ ಬದಲಿಸಬೇಕು. ಅದನ್ನೇ ಮಾಡಿಸದೆ ಕೂಲರ್ ಕೇಳುವವರಿಗೆ ನನ್ನ ಹತ್ತಿರ ಉತ್ತರವಿಲ್ಲ.

ಸರಿ, ಟ್ರ್ಯಾಕಿಗೆ ಹೋಗುವವರು ನೀವು, ಅಂಕಿಯೂ ಬೇಕೆನ್ನುತ್ತಿದೆ. ಹಾಗಾದರೆ ಥರ್ಮೋಸ್ಟಾಟ್ ಇರುವ ಕಿಟ್ಟೇ ಕೊಳ್ಳಿ. ಥರ್ಮೋಸ್ಟಾಟ್ ಇಲ್ಲದಿದ್ದರೆ ದೆಹಲಿಯ ಜನವರಿ ಬೆಳಗ್ಗೆ ಆಯಿಲ್ ಕಾಯುವುದಕ್ಕೇ ಹೊತ್ತು ಹಿಡಿಯುತ್ತದೆ. ತಣ್ಣನೆಯ ಮಂದ ಆಯಿಲ್‌ನಲ್ಲಿ ಗೇರು ಎಳೆದೆಳೆದು ಬೀಳುತ್ತದೆ. ಕೂಲರ್ ದೊಡ್ಡದಾದಷ್ಟೂ ಒಳ್ಳೆಯದು ಎಂಬುದೂ ಸರಿಯಲ್ಲ. ಅದು ಎಸಿ ಕಂಡೆನ್ಸರ್ ಮುಂದೆ ಅಡ್ಡ ಕೂತರೆ ಚೆನ್ನೈಯ ಮೇ ತಿಂಗಳಲ್ಲಿ ಒಳಗೆ ಕೂತವರಿಗೆ ಸೆಖೆ. ಬಂಪರಿನ ಪಕ್ಕದ ಗಾಳಿಕಿಂಡಿಯ ಹಿಂದೆ ಜಾಗವಿದ್ದರೆ ಅದು ವಾಸಿ, ಮುಂದೊಂದು ಜಾಲರಿ ಇರಲಿ, ಕಲ್ಲು ಹಾರುತ್ತದೆ.

ಕೆಲವು ಗ್ಯಾರೇಜುಗಳಲ್ಲಿ ರೇಡಿಯೇಟರಿನ ರೆಕ್ಕೆಗಳ ನಡುವೆ ಪ್ಲಾಸ್ಟಿಕ್ ಟೈ ತೂರಿಸಿ ಕೂಲರ್ ಕಟ್ಟಿಬಿಡುತ್ತಾರೆ. ಒಪ್ಪಬೇಡಿ. ಅಲುಗಾಡಿ ಅಲುಗಾಡಿ ಟೈ ರೇಡಿಯೇಟರನ್ನೇ ಕೊರೆಯುತ್ತದೆ. ಕಬ್ಬಿಣದ ಬ್ರಾಕೆಟ್ ಮಾಡಿಸಿ ಬಾಡಿಗೆ ಬೋಲ್ಟ್ ಹಾಕಿಸಿ. ಹೋಸ್ ಪೈಪ್ ಬಿಸಿ ಆಯಿಲ್ ತಡೆಯುವಂಥದ್ದೇ ಆಗಬೇಕು, ನೀರಿನ ಪೈಪ್ ನಡೆಯುವುದಿಲ್ಲ. ಸೈಲೆನ್ಸರ್ ಪೈಪಿನಿಂದ ದೂರ, ತಿರುಗುವ ಚಕ್ರಕ್ಕೂ ತಗಲದಂತೆ ಎಳೆಸಿ. ಕೂಲರಿನ ಬಾಯಿಗಳು ಮೇಲ್ಮುಖವಾಗಿದ್ದರೆ ಒಳಗೆ ಗಾಳಿ ಸಿಕ್ಕಿಕೊಳ್ಳುವುದಿಲ್ಲ.

ಕಡೆಯ ಕೆಲಸವೇ ಬಹಳ ಮುಖ್ಯ, ಅವಸರದಲ್ಲಿ ಬಿಟ್ಟುಹೋಗುವುದೂ ಅದೇ. ಹೊಸ ಪೈಪು, ಕೂಲರ್ ತುಂಬಲು ಹೆಚ್ಚಿಗೆ ಆಯಿಲ್ ಬೇಕು. ಹಳೆಯ ಅಳತೆಯಷ್ಟೇ ಹಾಕಿದರೆ ಒಳಗೆ ಕಡಿಮೆ ಬೀಳುತ್ತದೆ. ಈ ಗೇರ್‌ಬಾಕ್ಸ್‌ಗೆ ಅಳತೆ ಕಡ್ಡಿ ಇಲ್ಲ. ಕಾರನ್ನು ಸಮತಟ್ಟಾಗಿ ಮೇಲೆತ್ತಿ, ಇಂಜಿನ್ ಚಾಲೂ ಇಟ್ಟು, ಆಯಿಲ್ 35ರಿಂದ 45 ಡಿಗ್ರಿ ಇರುವಾಗ ಕೆಳಗಿನ ಬೋಲ್ಟ್ ಬಿಚ್ಚಿ ನೋಡಬೇಕು. ಹನಿಹನಿಯಾಗಿ ತೊಟ್ಟಿಕ್ಕಿದರೆ ಮಟ್ಟ ಸರಿ. ಏನೂ ಬರದಿದ್ದರೆ ಇನ್ನಷ್ಟು ಹಾಕಬೇಕು. ಆದರೆ ಅಷ್ಟು ತಣ್ಣಗಿರುವಾಗ ಥರ್ಮೋಸ್ಟಾಟ್ ಪೂರ್ತಿ ತೆರೆದಿರುವುದಿಲ್ಲ, ಕೂಲರ್ ತುಂಬಿರುವುದಿಲ್ಲ. ಆದ್ದರಿಂದ ಒಮ್ಮೆ ಚೆನ್ನಾಗಿ ಬಿಸಿಯಾಗುವಷ್ಟು ಓಡಿಸಿ, ತಣಿಯಲು ಬಿಟ್ಟು, ಮಟ್ಟವನ್ನು ಇನ್ನೊಮ್ಮೆ ನೋಡಿಸಿ. ಆ ರಾತ್ರಿ ಪಾರ್ಕಿಂಗ್‌ನಲ್ಲಿ ಕಾರಿನ ಕೆಳಗೆ ಹಳೆಯ ರಟ್ಟೊಂದನ್ನು ಹಾಸಿಡಿ. ಬೆಳಗ್ಗೆ ಅದರ ಮೇಲೆ ಒಂದೇ ಒಂದು ಆಯಿಲ್ ಕಲೆ ಕಂಡರೂ ಕಾರು ಚಾಲೂ ಮಾಡದೆ ಮೆಕ್ಯಾನಿಕ್ಕಿಗೆ ಫೋನ್ ಮಾಡಿ.