ಲಿಂಕನ್ ಮತ್ತು ಅವನ ದಂಡನಾಯಕರು

ಸೈನ್ಯವನ್ನು ನಡೆಸುವವನು ದಂಡನಾಯಕ. ಆದರೆ ಸತ್ತವರ ಲೆಕ್ಕವನ್ನು ನಾಡಿಗೆ ಒಪ್ಪಿಸಬೇಕಾದವನು ಜನರು ಆರಿಸಿದ ನಾಯಕ. ಹಾಗಾದರೆ ಯುದ್ಧದ ನಡೆಯಲ್ಲಿ ಅವನು ಎಷ್ಟರಮಟ್ಟಿಗೆ ಕೈಹಾಕಬೇಕು? ಪ್ರಜಾಪ್ರಭುತ್ವದ ಈ ಕಠಿಣ ಪ್ರಶ್ನೆಗೆ ಅಬ್ರಹಾಂ ಲಿಂಕನ್ನನ ನಡತೆಯಲ್ಲಿ ಒಂದು ಉತ್ತರವುಂಟು.

1861ರಲ್ಲಿ ದಕ್ಷಿಣದ ರಾಜ್ಯಗಳು ಒಕ್ಕೂಟದಿಂದ ಸಿಡಿದು ಅಮೆರಿಕದ ಅಂತರ್ಯುದ್ಧ ಮೊದಲಾದಾಗ, ಅಧ್ಯಕ್ಷ ಲಿಂಕನ್ನನಿಗಿದ್ದ ಯುದ್ಧಾನುಭವ ಅತ್ಯಲ್ಪ. 1832ರಲ್ಲಿ ಮೂರು ತಿಂಗಳಿಗೂ ಕಡಿಮೆ ಕಾಲ ಸ್ವಯಂಸೇವಕ ದಳದಲ್ಲಿದ್ದನು, ಕಾಳಗವನ್ನು ಕಂಡಿರಲಿಲ್ಲ. ಈಗ ಆತ ಯುದ್ಧಶಾಸ್ತ್ರದ ಗ್ರಂಥಗಳನ್ನು ತರಿಸಿ ಓದಿದನು. ಯುದ್ಧ ಇಲಾಖೆಯ ತಂತಿ ಕಚೇರಿಯಲ್ಲಿ ಗಂಟೆಗಟ್ಟಲೆ ಕುಳಿತು ರಣರಂಗದ ಸುದ್ದಿಗೆ ಕಾದನು. ಆ ಕಲಿಕೆ ವ್ಯರ್ಥವಾಗಲಿಲ್ಲ. ಉತ್ತರದವರಿಗೆ ಜನಬಲ ಹೆಚ್ಚು. ದಕ್ಷಿಣದವರಿಗೆ ಬೇಕಾದೆಡೆ ಬೇಗ ಒಟ್ಟುಗೂಡುವ ಅನುಕೂಲ ಹೆಚ್ಚು. ಆದ್ದರಿಂದ ಒಂದೇ ಕಾಲಕ್ಕೆ ಹಲವು ಕಡೆಗಳಲ್ಲಿ ಒತ್ತಬೇಕೆಂದು 1862ರ ಜನವರಿಯಲ್ಲೇ ಒಬ್ಬ ಸೇನಾನಿಗೆ ಬರೆದನು. ಶತ್ರುವಿನ ರಾಜಧಾನಿ ರಿಚ್ಮಂಡ್ ಅಲ್ಲ, ಸೇನಾಪತಿ ಲೀಯ ಸೈನ್ಯವೇ ನಿಜವಾದ ಗುರಿ ಎಂಬುದನ್ನೂ ಆತ ಕಂಡುಕೊಂಡನು.

ಕಂಡದ್ದನ್ನು ಮಾಡಿ ತೋರಿಸುವವರು ಬೇಕಲ್ಲ! ಮೆಕ್ಲೆಲನ್ ಸೈನ್ಯವನ್ನು ಚೆನ್ನಾಗಿ ಕಟ್ಟಿದನು, ಕಾದಾಡಿಸಲು ಹಿಂಜರಿದನು. ಆಂಟೀಟಂ ಕದನದ ಬಳಿಕವೂ ಲೀಯನ್ನು ಬೆನ್ನಟ್ಟಲು ತಡಮಾಡಿದಾಗ, 1862ರ ನವೆಂಬರಿನಲ್ಲಿ ಲಿಂಕನ್ ಅವನನ್ನು ತೆಗೆದುಹಾಕಿದನು. ಅನಂತರ ಬಂದ ಬರ್ನ್‌ಸೈಡ್ ಫ್ರೆಡರಿಕ್ಸ್‌ಬರ್ಗಿನಲ್ಲಿ ಸೋತನು. ಮೂರನೆಯವನಾದ ಹುಕರ್, ದೇಶಕ್ಕೆ ಸರ್ವಾಧಿಕಾರಿ ಬೇಕೆಂದು ಆಡಿದ್ದನಂತೆ. ಅವನನ್ನು ನೇಮಿಸಿ ಲಿಂಕನ್ ಬರೆದ ಪತ್ರದ ತಾತ್ಪರ್ಯ ಇದು: ಗೆದ್ದ ದಂಡನಾಯಕರು ಮಾತ್ರ ಸರ್ವಾಧಿಕಾರಿಗಳಾಗಬಲ್ಲರು, ನೀವು ಗೆಲುವನ್ನು ತನ್ನಿ, ಸರ್ವಾಧಿಕಾರದ ಅಪಾಯ ನನಗಿರಲಿ. ಹುಕರನೂ 1863ರ ಮೇ ತಿಂಗಳಲ್ಲಿ ಸೋತನು. ಇವರನ್ನೆಲ್ಲ ಆರಿಸಿದವನು ಲಿಂಕನ್ನನೇ ಎಂಬುದನ್ನು ಮರೆಯಬಾರದು. ಆ ಆಯ್ಕೆಗಳಿಗೆ ಸಾವಿರಾರು ಜನ ಪ್ರಾಣ ತೆತ್ತರು.

ಅಷ್ಟರಲ್ಲಿ ಪಶ್ಚಿಮದಲ್ಲಿ ಗ್ರಾಂಟ್ ವಿಕ್ಸ್‌ಬರ್ಗನ್ನು ಮುತ್ತಿದ್ದನು. ಗ್ರಾಂಟ್ ಹಿಡಿದ ದಾರಿ ಸರಿಯಲ್ಲವೆಂದು ಲಿಂಕನ್ನನಿಗೆ ತೋರಿತ್ತು. 1863ರ ಜುಲೈ 4ರಂದು ಆ ಪಟ್ಟಣ ವಶವಾಯಿತು. ನೀವು ಹೇಳಿದ್ದೇ ಸರಿ, ನಾನೇ ತಪ್ಪಿದೆ ಎಂದು ಅಧ್ಯಕ್ಷನು ತನ್ನ ಕೈಕೆಳಗಿನ ಸೇನಾನಿಗೆ ಬರೆದು ತಿಳಿಸಿದನು.

1864ರ ಮಾರ್ಚಿಯಲ್ಲಿ ಸಕಲ ಸೈನ್ಯಗಳೂ ಗ್ರಾಂಟನ ಅಧೀನವಾದುವು. ಯೋಜನೆಯ ವಿವರಗಳನ್ನು ತಾನು ಕೇಳುವುದಿಲ್ಲವೆಂದು ಲಿಂಕನ್ ಬರೆದನು. ಆದರೆ ಕೈತೆಗೆದನೇ ಹೊರತು ಕಣ್ಣು ತೆಗೆಯಲಿಲ್ಲ. ದಿನದಿನವೂ ನೀವೇ ನಿಂತು ಒತ್ತಾಯಿಸದ ಹೊರತು ನಿಮ್ಮ ಆಜ್ಞೆ ನಡೆಯದೆಂದು ಆಗಸ್ಟಿನಲ್ಲಿ ತಂತಿ ಕಳುಹಿಸಿ ಎಚ್ಚರಿಸಿದನು. ಹಲವು ಕಡೆಗಳಿಂದ ಏಕಕಾಲಕ್ಕೆ ಒತ್ತುವ ಆ ಹಳೆಯ ಆಲೋಚನೆ ಗ್ರಾಂಟನ ಕೈಯಲ್ಲಿ ಕೊನೆಗೂ ಕಾರ್ಯಕ್ಕಿಳಿಯಿತು. 1865ರ ಏಪ್ರಿಲ್ 9ರಂದು ಲೀ ಶರಣಾದನು.

ತಿಳಿಯದ ವಿದ್ಯೆಯನ್ನು ಕಲಿಯುವುದು, ಅಸಮರ್ಥನನ್ನು ತೆಗೆಯುವುದು, ಸಮರ್ಥನು ಸಿಕ್ಕಾಗ ಅವನಿಗೆ ದಾರಿಬಿಡುವುದು, ಆದರೂ ಹೊಣೆಯನ್ನು ತನ್ನಲ್ಲೇ ಇಟ್ಟುಕೊಳ್ಳುವುದು: ಈ ನಾಲ್ಕರಲ್ಲಿ ಮೂರನೆಯದೇ ಅಧಿಕಾರದಲ್ಲಿರುವವರಿಗೆ ಅತ್ಯಂತ ಕಷ್ಟವಾದದ್ದು.