ನಿಲ್ಲದ ಬಸಿರು



ನಾನು ವೈದ್ಯನಲ್ಲ, ಮೂವತ್ತು ವರ್ಷ ಹಳಗನ್ನಡ ಪಾಠ ಹೇಳಿದವನು. ಆದರೂ ಈ ವಿಷಯವನ್ನು ಆರಿಸಿಕೊಂಡದ್ದಕ್ಕೆ ಕಾರಣ ನನ್ನ ಅಕ್ಕ. 1978ರಿಂದ 1982ರೊಳಗೆ ಅವಳಿಗೆ ನಾಲ್ಕು ಸಲ ಗರ್ಭಸ್ರಾವವಾಯಿತು. ನಾಗಪ್ರತಿಷ್ಠೆಯಾಯಿತು, ಅಶ್ವತ್ಥಪ್ರದಕ್ಷಿಣೆಯಾಯಿತು. ಆಮೇಲೆ ಉಳಿದದ್ದು ಜನರ ಮಾತು: ಭಾರ ಎತ್ತಿದಳು, ಪರಂಗಿಹಣ್ಣು ತಿಂದಳು, ಮುಸ್ಸಂಜೆಯಲ್ಲಿ ಬಾವಿಕಟ್ಟೆಗೆ ಹೋದಳು. ಆಡಿದವರಲ್ಲಿ ಆಗ ಕಾಲೇಜು ಓದುತ್ತಿದ್ದ ನಾನೂ ಒಬ್ಬ. “ಸ್ವಲ್ಪ ಎಚ್ಚರದಿಂದ ಇರಬಾರದಿತ್ತೇ ಅಕ್ಕಾ?” ಎಂದು ಕೇಳಿದ್ದೆ.

ಬಸಿರು ಇಳಿಯುವುದೇಕೆ ಎಂದು ಕೇಳುವ ಮೊದಲು, ಅದು ನಿಲ್ಲುವುದಾದರೂ ಹೇಗೆ ಎಂದು ಕೇಳಬೇಕು. ಶಿಶುವಿನ ಅರ್ಧ ತಂದೆಯದು. ಆ ಮಟ್ಟಿಗೆ ತಾಯಿಯ ಮೈಗೆ ಅದು ಪರಕೀಯ. ಅನ್ಯರ ಚರ್ಮವನ್ನು ಕಸಿ ಮಾಡಿದರೆ ಕೆಲವೇ ದಿನಗಳಲ್ಲಿ ತಿರಸ್ಕರಿಸುವ ದೇಹ ಇದನ್ನು ಒಂಬತ್ತು ತಿಂಗಳು ಹೇಗೆ ಸಹಿಸುತ್ತದೆ? ಇಂಗ್ಲೆಂಡಿನ ಪೀಟರ್ ಮೆಡಾವರ್ 1953ರಲ್ಲಿ ಈ ಪ್ರಶ್ನೆಯನ್ನೆತ್ತಿದರು. ಮಾಸಿನ ಹೊರಗಿನ ಜೀವಕೋಶಗಳು ತಂದೆಯ ಗುರುತುಗಳಲ್ಲಿ ಬಹುಪಾಲನ್ನು ಮರೆಮಾಡುತ್ತವೆಂದು ಈಗ ತಿಳಿದಿದೆ. ಗರ್ಭಕೋಶದಲ್ಲಿ ‘ಸಹಜ ಕೊಲೆಗಾರ’ರೆಂಬ ರಕ್ಷಕ ಕಣಗಳಿವೆ. ಅವು ಅಲ್ಲಿ ಕೊಲ್ಲುವ ಕೆಲಸಕ್ಕಿಂತ, ಮಾಸಿಗೆ ರಕ್ತ ತರುವ ನಾಳಗಳನ್ನು ಅಗಲಗೊಳಿಸಲು ನೆರವಾಗುತ್ತವೆ. ಹೆಸರಿಟ್ಟವರು ಆತುರಪಟ್ಟರೆಂದೇ ನನ್ನ ಅಭಿಪ್ರಾಯ. ಉರಿಯೂತವೂ ಬರಿಯ ಶತ್ರುವಲ್ಲ. ಪಿಂಡ ಗರ್ಭಕೋಶಕ್ಕೆ ಕಚ್ಚಿಕೊಳ್ಳುವಾಗ ಅಲ್ಪಸ್ವಲ್ಪ ಬೇಕೇ ಬೇಕು, ಆಮೇಲೆ ತಣಿಯಬೇಕು.

ಕೆಲವರಲ್ಲಿ ತಣಿಯುವುದಿಲ್ಲ. ಲಂಡನ್ನಿನ ಗ್ರಹಾಂ ಹ್ಯೂಸ್ 1983ರಲ್ಲಿ ವಿವರಿಸಿದ ರೋಗದಲ್ಲಿ ತಾಯಿಯ ರಕ್ತದಲ್ಲೇ ತನ್ನದಕ್ಕೆ ವಿರುದ್ಧವಾದ ಪ್ರತಿಕಾಯಗಳು ಹುಟ್ಟುತ್ತವೆ. ಆಂಟಿಫಾಸ್ಫೋಲಿಪಿಡ್ ಎಂಬುದು ಅವುಗಳ ಹೆಸರು. ಅವು ರಕ್ತವನ್ನು ಹೆಪ್ಪುಗಟ್ಟಿಸಿ ಮಾಸನ್ನು ಕೆಡಿಸುತ್ತವೆಂದು ಮೊದಲು ತಿಳಿದಿದ್ದರು. 2004ರಲ್ಲಿ ಪ್ರಕಟವಾದ ಇಲಿಗಳ ಮೇಲಿನ ಪ್ರಯೋಗ ಬೇರೆ ದಾರಿ ತೋರಿತು: ಅಲ್ಲಿ ಹೆಪಾರಿನ್ ಬಸಿರನ್ನು ಉಳಿಸಿದ್ದು ರಕ್ತ ತಿಳಿಯಾಗಿಸಿ ಅಲ್ಲ, ಉರಿಯೂತದ ಸರಣಿಯನ್ನು ತಡೆದು. ಲಂಡನ್ನಿನಲ್ಲಿ 1997ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಇಂಥ 90 ಮಹಿಳೆಯರಿದ್ದರು. ಆಸ್ಪಿರಿನ್ ಒಂದನ್ನೇ ಪಡೆದವರಲ್ಲಿ ನೂರಕ್ಕೆ 42 ಮಂದಿಗೆ, ಜೊತೆಗೆ ಹೆಪಾರಿನ್ ಚುಚ್ಚುಮದ್ದನ್ನೂ ಪಡೆದವರಲ್ಲಿ 71 ಮಂದಿಗೆ ಮಗು ಜೀವಂತವಾಗಿ ಹುಟ್ಟಿತು.

ಎಲ್ಲ ನಷ್ಟಕ್ಕೂ ಇದೇ ಕಾರಣವಲ್ಲ. ಮೊದಲ ತಿಂಗಳುಗಳ ಗರ್ಭಸ್ರಾವಗಳಲ್ಲಿ ಸುಮಾರು ಅರ್ಧಕ್ಕೆ ಪಿಂಡದ ವರ್ಣತಂತುಗಳ ದೋಷವೇ ಮೂಲ. ‘ಪ್ರತಿರಕ್ಷೆ’ ಎಂಬ ಪದಕ್ಕೆ ಮಾರುಹೋಗುವುದೂ ಅಪಾಯ. ಗಂಡನ ಬಿಳಿರಕ್ತಕಣಗಳನ್ನು ಹೆಂಡತಿಗೆ ಚುಚ್ಚುವ ಪದ್ಧತಿ ಒಂದು ಕಾಲಕ್ಕೆ ಬಹಳ ನಡೆಯಿತು. 1999ರ ಪರೀಕ್ಷೆಯಲ್ಲಿ ಅದರಿಂದ ಪ್ರಯೋಜನ ಕಾಣಲಿಲ್ಲ.

ಈ ಭಾಷಣವನ್ನು ಅಕ್ಕನಿಗೆ ಓದಿ ಹೇಳಿದೆ. ಅವಳಿಗೆ ಇದ್ದದ್ದು ಇದೇ ರೋಗವೋ ಬೇರೆಯೋ, ಈಗ ಹೇಳುವವರಿಲ್ಲ. ಅವಳು ಕೇಳಿದ್ದು ಒಂದೇ:

“ಹಾಗಾದರೆ ಪರಂಗಿಹಣ್ಣಿಂದ ಅಲ್ಲವೇನೋ?”

“ಅಲ್ಲ ಅಕ್ಕಾ” ಎಂದೆ.

“ನಾನು ತಿಂದೇ ಇರಲಿಲ್ಲ ಕಣೋ” ಎಂದಳು.