ಬಿಳಿ ರಕ್ತದ ಮೀನುಗಳು

(ಬಾರ್ಕೂರಿನಲ್ಲಿ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣ)



ಮಲ್ಪೆಯಿಂದ ಬಾರ್ಕೂರಿಗೆ ಬರುವ ಬಂಗುಡೆ ಕೆಡದಿರಲೆಂದು ಐಸಿನಲ್ಲಿಡುತ್ತಾರೆ. ಆದರೆ ಐಸಿನ ಅಡಿಯಲ್ಲೇ ಜೀವಂತವಾಗಿ ಈಜಾಡುವ ಮೀನುಗಳೂ ಇವೆ. ಅವುಗಳ ಊರು ಅಂಟಾರ್ಕ್ಟಿಕಾ. 1982ರ ಜನವರಿ 9ರಂದು ಅಲ್ಲಿ ಕಾಲಿಟ್ಟ ಭಾರತದ ಮೊದಲ ತಂಡದ ನಾಯಕರು ಡಾ. ಸೈಯದ್ ಜಹೂರ್ ಖಾಸಿಂ. ಸಮುದ್ರ ಜೀವವಿಜ್ಞಾನಿ, ಮುಂದೆ ಜಾಮಿಯಾ ಮಿಲ್ಲಿಯಾದ ಕುಲಪತಿಗಳಾದವರು.

ಅಲ್ಲಿನ ಕಡಲು ಮೈನಸ್ 1.9 ಡಿಗ್ರಿಯವರೆಗೆ ತಣ್ಣಗಾಗುತ್ತದೆ. ಉಪ್ಪಿರುವುದರಿಂದ ನೀರು ಬೇಗ ಗಟ್ಟಿಯಾಗದು. ಬಂಗುಡೆಯ ರಕ್ತವಾದರೆ ಅದಕ್ಕೆ ಮೊದಲೇ ಗಟ್ಟಿಯಾದೀತು. ಸುಮಾರು 3.4 ಕೋಟಿ ವರ್ಷಗಳ ಹಿಂದೆ ಆ ಖಂಡವನ್ನು ಹಿಮ ಮುಚ್ಚತೊಡಗಿತು. ಕ್ರಮೇಣ ಅಲ್ಲಿದ್ದ ಹೆಚ್ಚಿನ ಮೀನುಗಳು ಇಲ್ಲವಾದವು. ತಳದಲ್ಲಿ ಬದುಕುತ್ತಿದ್ದ ಒಂದು ಕುಲ ಉಳಿಯಿತು. ಅದರ ರಕ್ತದಲ್ಲಿ ಹಿಮದ ಹರಳು ಬೆಳೆಯದಂತೆ ತಡೆಯುವ ಪ್ರೋಟೀನ್ ಇತ್ತು. ಆಹಾರ ಜೀರ್ಣಿಸುವ ಕಿಣ್ವವೊಂದರ ಹಳೆಯ ಜೀನಿನಿಂದಲೇ ಅದು ಮೂಡಿತೆಂದು 1997ರಲ್ಲಿ ತಿಳಿಯಿತು.

ಇಂದು ಆ ಕುಲದಲ್ಲಿ ನೂರಕ್ಕೂ ಹೆಚ್ಚು ಜಾತಿಗಳಿವೆ. ತೇಲಲು ಬೇಕಾದ ಗಾಳಿಚೀಲ ಅವಕ್ಕಿಲ್ಲ. ಆದರೂ ಕೆಲವು ಎಲುಬು ಹಗುರವಾಗಿ, ಮೈಯಲ್ಲಿ ಕೊಬ್ಬು ತುಂಬಿ ನಡುನೀರಿಗೇರಿದವು. ಕೆಲವು ಹಿಮದ ಹಾಸಿನ ಅಡಿಯಲ್ಲೇ ನೆಲೆಸಿದವು. ಖಾಲಿ ಬಿದ್ದ ಊರನ್ನು ಅಣ್ಣತಮ್ಮಂದಿರೇ ಹಂಚಿಕೊಂಡ ಹಾಗೆ! ಇದೆಲ್ಲ ಆ ಪ್ರೋಟೀನಿನ ಮಹಿಮೆ ಎನ್ನುವುದುಂಟು. ನನಗೆ ಅದು ಅವಸರದ ಮಾತೆನಿಸುತ್ತದೆ. ಹೆಚ್ಚಿನ ಜಾತಿಗಳು ಕವಲೊಡೆದದ್ದು ಕೋಟಿ ವರ್ಷವಾದರೂ ತಡವಾಗಿ. ಹಿಮ ಮತ್ತೆ ಮತ್ತೆ ಮುನ್ನುಗ್ಗಿ ಕಡಲ ತಳವನ್ನು ಕೆರೆದು ಜಾಗ ತೆರವು ಮಾಡಿದ್ದೇ ಅದಕ್ಕೆ ಕಾರಣವಿರಬೇಕೆಂದು ಈಚಿನ ಸಂಶೋಧಕರು ಹೇಳುತ್ತಾರೆ.

ಇವುಗಳಲ್ಲಿ ಒಂದು ಕವಲಿನ ರಕ್ತ ಕೆಂಪಲ್ಲ, ನೀರಿನಂತೆ ತಿಳಿ. ನಾರ್ವೆಯ ಯೋಹಾನ್ ರೂಡ್ ತರುಣನಾಗಿದ್ದಾಗ ತಿಮಿಂಗಿಲ ಬೇಟೆಯವರು "ರಕ್ತವಿಲ್ಲದ ಮೀನಿದೆ" ಎಂದರೆ ನಂಬಿರಲಿಲ್ಲ. ಅದು ನಿಜವೆಂದು 1954ರಲ್ಲಿ ಅವರೇ ಪ್ರಕಟಿಸಿದರು. ನಮ್ಮ ಮೊಗವೀರರ ಮಾತನ್ನೂ ನೀವು ಹಾಗೆ ತಳ್ಳಿಹಾಕಬೇಡಿ. ಆ ಮೀನಿಗೆ ಹಿಮೋಗ್ಲೋಬಿನ್ ಇಲ್ಲ. ತಣ್ಣೀರಿನಲ್ಲಿ ಆಮ್ಲಜನಕ ಹೆಚ್ಚು ಕರಗುತ್ತದೆ. ದೊಡ್ಡ ಹೃದಯ ಆ ತಿಳಿರಕ್ತವನ್ನು ಧಾರಾಳವಾಗಿ ಹರಿಸುತ್ತದೆ. ಅಷ್ಟರಲ್ಲೇ ಅದರ ಬದುಕು.

ಕಡಲು ಬಿಸಿಯಾದರೆ ಆಮ್ಲಜನಕ ಕಡಿಮೆಯಾಗುತ್ತದೆ; ಕಳೆದುಹೋದ ಹಿಮೋಗ್ಲೋಬಿನ್ ಮರಳಿ ಬಾರದು. ನಮ್ಮ ಬೂತಾಯಿ ಬಿಸಿಗೆ ಉತ್ತರಕ್ಕೆ ಹರಡಿದ್ದನ್ನು ಕೊಚ್ಚಿಯ ವಿಜ್ಞಾನಿಗಳು ಗುರುತಿಸಿದ್ದಾರೆ. ಈ ಮೀನು ತಂಪು ಹುಡುಕಿ ಇನ್ನೂ ದಕ್ಷಿಣಕ್ಕೆ ಹೋಗೋಣವೆಂದರೆ ಮುಂದೆ ನೆಲವೇ ಅಡ್ಡ.